ರೆಫರಿ ತಪ್ಪಿದರೆ ನಿಯಮ ಬದಲಾಗುತ್ತದೆ, ಬಂದೂಕಿನ ವಿಷಯದಲ್ಲಿ ಯಾಕೆ ಕೈಚೆಲ್ಲುತ್ತೀರಿ?

ಕೌಲ್ ಬಜಾರ್ ವಿಂಗರ್

ಮೊನ್ನೆ ನಮ್ಮ ಬಳ್ಳಾರಿಯ ಮಿರ್ಚಿ ಅಂಗಡಿ ಮುಂದೆ ಶುರುವಾದ ಮಾತು ಅಲ್ಲಿ ಮುಗಿಯಲಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ಎರಡು ಜಗಳ ಒಟ್ಟಿಗೆ ನಡೆದಿದ್ದವು. ಒಂದು, 2023ರ ಮಾರ್ಚ್ 3ರಂದು ಬೆಂಗಳೂರಿನ ಕಂಠೀರವದಲ್ಲಿ ಸುನಿಲ್ ಚೆಟ್ರಿ ಹೊಡೆದ ಫ್ರೀಕಿಕ್. ಇನ್ನೊಂದು, ಅಮೆರಿಕದ ಬಂದೂಕಿನ ಕಾನೂನು.

ಚೆಟ್ರಿ ಗೋಲು ನೆನಪಿಲ್ಲದವರಿಗೆ ಚುಟುಕಾಗಿ ಹೇಳುತ್ತೇನೆ. ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) ಫುಟ್‌ಬಾಲ್‌ನ ನಾಕೌಟ್ ಪಂದ್ಯ, ನಮ್ಮ ಬೆಂಗಳೂರು ಎಫ್‌ಸಿ ಎದುರು ಕೇರಳ ಬ್ಲಾಸ್ಟರ್ಸ್. ಹೆಚ್ಚುವರಿ ಸಮಯದಲ್ಲಿ ಫ್ರೀಕಿಕ್ ಸಿಕ್ಕಿತು. ಕೇರಳದವರು ಗೋಡೆ ಕಟ್ಟುವ ಮೊದಲೇ ಚೆಟ್ರಿ ಚೆಂಡನ್ನು ಒಳಗೆ ಹಾಕಿದರು. ರೆಫರಿ ಕ್ರಿಸ್ಟಲ್ ಜಾನ್ ಗೋಲು ಕೊಟ್ಟರು. ಕೇರಳದ ಕೋಚ್ ಇವಾನ್ ವುಕೊಮನೊವಿಚ್ ತಮ್ಮ ತಂಡವನ್ನೇ ಮೈದಾನದಿಂದ ಕರೆದುಕೊಂಡು ಹೋದರು. ಆಮೇಲೆ ಅಖಿಲ ಭಾರತ ಫುಟ್‌ಬಾಲ್ ಫೆಡರೇಶನ್ (ಎಐಎಫ್‌ಎಫ್) ಕೇರಳದ ಕ್ಲಬ್‌ಗೆ 4 ಕೋಟಿ ರೂಪಾಯಿ ದಂಡ ಹಾಕಿತು, ಕೋಚ್‌ಗೆ 10 ಪಂದ್ಯ ನಿಷೇಧ.

ನನ್ನ ಮಾತು ಇಷ್ಟು. ಮುಗಿದ ಪಂದ್ಯದ ತೀರ್ಪು ಬದಲಾಗುವುದಿಲ್ಲ ಅಂತ ಗೊತ್ತಿದ್ದೂ ನಾವು ವರ್ಷಗಟ್ಟಲೆ ಜಗ್ಗಾಡುತ್ತೇವೆ. ಕಾನೂನು ಬದಲಾಗುತ್ತದೆ, ಬದಲಾಯಿಸಿದ ದೇಶಗಳು ಕಣ್ಣೆದುರಿಗೇ ಇವೆ. ಆದರೂ ಶಾಲೆ ಮಕ್ಕಳು ಗುಂಡಿಗೆ ಸತ್ತ ಸುದ್ದಿ ಬಂದರೆ ‘ಅಲ್ಲಿ ಹಂಗೇ ಬಿಡ್ರಿ’ ಅಂತ ಮುಂದಿನ ಮಾತಿಗೆ ಹೋಗುತ್ತೇವೆ. ನನಗೆ ಇದು ಸಂಕಟ ಆಗುತ್ತದೆ.

ಫುಟ್‌ಬಾಲ್ ಏನು ಮಾಡಿತು ನೋಡಿ. 2010ರ ವಿಶ್ವಕಪ್, ಜೂನ್ 27, ಜರ್ಮನಿ ಎದುರು ಇಂಗ್ಲೆಂಡ್. ಲ್ಯಾಂಪಾರ್ಡ್ ಹೊಡೆದ ಚೆಂಡು ಅಡ್ಡಪಟ್ಟಿಗೆ ಬಡಿದು ಗೆರೆ ದಾಟಿ ಒಳಗೇ ಬಿತ್ತು. ಇಡೀ ಜಗತ್ತು ನೋಡಿತು, ರೆಫರಿ ಮತ್ತು ಲೈನ್ಸ್‌ಮನ್ ನೋಡಲಿಲ್ಲ. 2-2 ಆಗಬೇಕಿದ್ದ ಪಂದ್ಯ 4-1ಕ್ಕೆ ಮುಗಿಯಿತು. 2012ರಲ್ಲಿ, ಚೆಂಡು ಗೆರೆ ದಾಟಿತಾ ಅಂತ ಯಂತ್ರವೇ ಹೇಳುವ ಗೋಲ್‌ಲೈನ್ ತಂತ್ರಜ್ಞಾನಕ್ಕೆ ಒಪ್ಪಿಗೆ ಸಿಕ್ಕಿತು, 2014ರ ವಿಶ್ವಕಪ್‌ನಲ್ಲಿ ಬಂದೇ ಬಿಟ್ಟಿತು. ಒಂದು ಗೋಲಿಗಾಗಿ ಇಷ್ಟು ಮಾಡಿದರು. ಸತ್ತ ಮಕ್ಕಳಿಗಾಗಿ ಇಷ್ಟಾದರೂ ಆಗಬೇಡವಾ?

ಹಳದಿ ಜೆರ್ಸಿ

ಅಣ್ಣ, ನಾನು ಬಳ್ಳಾರಿಯವನೇ, ಆದರೆ ಬ್ಲಾಸ್ಟರ್ಸ್ ಬಿಟ್ಟುಕೊಡಲ್ಲ. ‘ಬದಲಾಗಲ್ಲ, ಬಿಡಿ’ ಅನ್ನುವುದು ಗೆದ್ದವರಿಗೆ ಸುಲಭ. ಗೋಲ್‌ಕೀಪರ್ ಇನ್ನೂ ಗೋಡೆ ಸರಿ ಮಾಡಿಸುತ್ತಿದ್ದ. ಸೀಟಿ ಊದುವವರೆಗೆ ಕಾಯಬೇಕಿತ್ತು ಅಂತ ನಾವು ಇವತ್ತಿಗೂ ನಂಬಿದ್ದೇವೆ. ಆ ಲೀಗ್‌ನಲ್ಲಿ ವಿಎಆರ್ (ವಿಡಿಯೊ ನೋಡಿ ತೀರ್ಪು ಪರಿಶೀಲಿಸುವ ವ್ಯವಸ್ಥೆ) ಕೂಡ ಇರಲಿಲ್ಲ. ತಂಡ ಹೊರನಡೆದದ್ದು ಸರಿ ಅಂತ ಹೇಳಲ್ಲ. ಆದರೆ ಸಿಟ್ಟು ನಿಜ.

ಸೀಟಿ ಮೇಷ್ಟ್ರು

ನಾನು ಶಾಲೆಯಲ್ಲಿ ಆಟದ ಮೇಷ್ಟ್ರು. ಬಿಡುವಿದ್ದಾಗ ಊರಿನ ಟೂರ್ನಿಗಳಲ್ಲಿ ಸೀಟಿ ಊದುತ್ತೇನೆ. ಅದಕ್ಕೇ ಸ್ವಲ್ಪ ಜಾಸ್ತಿ ಬರೆಯುತ್ತೇನೆ, ಓದಿ.

ಮೊದಲು ಫ್ರೀಕಿಕ್ ವಿಷಯ. ಫೌಲ್ ಆದ ತಂಡ ಕೂಡಲೇ ಚೆಂಡು ಆಡಬಹುದು. ಎದುರಾಳಿಗಳು 9.15 ಮೀಟರ್ ದೂರ ಹೋಗುವವರೆಗೆ ಕಾಯಲೇಬೇಕು ಅಂತಿಲ್ಲ. ಅದು ಫೌಲ್ ಮಾಡಿಸಿಕೊಂಡ ತಂಡದ ಹಕ್ಕು. ಆದರೆ ‘ದೂರ ಕಳಿಸಿ’ ಅಂತ ಅವರೇ ಕೇಳಿಕೊಂಡರೆ, ಅಥವಾ ರೆಫರಿ ಕಾರ್ಡ್ ತೆಗೆಯಲು ಆಟ ತಡೆದರೆ, ಆಗ ಸೀಟಿಗೆ ಕಾಯಬೇಕು. ಹೀಗಾಗಿ ಅಲ್ಲಿ ಕೇಳಬೇಕಾದ ಪ್ರಶ್ನೆ ಒಂದೇ: ಕಾಯಿರಿ ಅಂತ ರೆಫರಿ ಸನ್ನೆ ಮಾಡಿದ್ದರಾ ಇಲ್ಲವಾ? ಗೋಡೆ ಕಟ್ಟಿ ಮುಗಿದಿತ್ತಾ ಅನ್ನುವುದು ನಿಯಮದ ಪ್ರಶ್ನೆಯೇ ಅಲ್ಲ. ಹಳದಿ ಜೆರ್ಸಿ ತಮ್ಮನಿಗೆ ಇದು ಹಿಡಿಸಲಿಕ್ಕಿಲ್ಲ, ಆದರೂ ಹೇಳಬೇಕಾಯಿತು.

ಈಗ ನಿಜವಾದ ಅನ್ಯಾಯ ಹೇಳುತ್ತೇನೆ. 2024ರ ಜೂನ್ 11, ದೋಹಾ. ವಿಶ್ವಕಪ್ ಅರ್ಹತಾ ಪಂದ್ಯ, ಕತಾರ್ ಎದುರು ಭಾರತ. ಛಾಂಗ್ಟೆ ಗೋಲಿನಿಂದ ನಾವು 1-0 ಮುಂದಿದ್ದೆವು. ಗೆದ್ದರೆ ಮೂರನೇ ಸುತ್ತು. 73ನೇ ನಿಮಿಷದಲ್ಲಿ ನಮ್ಮ ಗೋಲ್‌ಕೀಪರ್ ಗುರ್‌ಪ್ರೀತ್ ತಡೆದ ಚೆಂಡು ಗೋಲ್‌ಪೋಸ್ಟ್ ಪಕ್ಕದಲ್ಲಿ ಗೆರೆ ದಾಟಿ ಪೂರ್ತಿ ಹೊರಗೆ ಉರುಳಿತು. ನಮ್ಮವರು ಆಟ ನಿಲ್ಲಿಸಿದರು. ಕತಾರ್ ಆಟಗಾರ ಅದನ್ನು ಕಾಲಿನಿಂದ ಒಳಗೆಳೆದ, ಯೂಸೆಫ್ ಅಯ್ಮೆನ್ ಗೋಲು ಹಾಕಿದ. ಕೊರಿಯಾದ ರೆಫರಿ ಗೋಲು ಅಂದರು. ಆ ಸುತ್ತಿನಲ್ಲಿ ವಿಎಆರ್ ಇರಲಿಲ್ಲ. 2-1ಕ್ಕೆ ಸೋತೆವು, ಹೊರಬಿದ್ದೆವು. ಎಐಎಫ್‌ಎಫ್ ದೂರು ಕೊಟ್ಟಿತು, ಫಲಿತಾಂಶ ಬದಲಾಗಲಿಲ್ಲ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಆದರೂ ನಾನು ಹೇಳುವುದು, ತೀರ್ಪು ಅಂತಿಮ ಅನ್ನುವ ನಿಯಮ ಇರಲೇಬೇಕು. ಮಧ್ಯಾಹ್ನದ ಬಿಸಿಲಿನಲ್ಲಿ, ಸುಣ್ಣದ ಗೆರೆ ಅರ್ಧ ಅಳಿಸಿದ ಮೈದಾನದಲ್ಲಿ, ಒಬ್ಬನೇ ಓಡುತ್ತಾ ಆಫ್‌ಸೈಡ್ ನೋಡುವ ಕಷ್ಟ ಏನು ಅಂತ ಒಮ್ಮೆ ನಿಂತು ನೋಡಿ. ಒಂದು ಪೆನಾಲ್ಟಿ ಕೊಟ್ಟಿದ್ದಕ್ಕೆ ನನ್ನ ಕಾಲರ್ ಹಿಡಿದವರಿದ್ದಾರೆ. ಮನೆ ವಿಳಾಸ ಕೇಳಿದವರೂ ಇದ್ದಾರೆ. ಆ ಗುಂಪಿನಲ್ಲಿ ಯಾರ ಸೊಂಟದಲ್ಲೂ ಆಯುಧ ಇರಲಿಲ್ಲ, ಅದಕ್ಕೇ ಇವತ್ತು ಕೂತು ಬರೆಯುತ್ತಿದ್ದೇನೆ.

ಹೆದರಿಸಲು ಹೇಳುತ್ತಿಲ್ಲ. 2018ರ ಮಾರ್ಚ್ 11ರಂದು ಗ್ರೀಸ್‌ನಲ್ಲಿ ನಡೆದದ್ದು ನೋಡಿ. ಪಾವೊಕ್ ತಂಡ ಎಇಕೆ ಅಥೆನ್ಸ್ ಎದುರು ಕೊನೆ ಗಳಿಗೆಯಲ್ಲಿ ಹಾಕಿದ ಗೋಲನ್ನು ಆಫ್‌ಸೈಡ್ ಅಂತ ರದ್ದು ಮಾಡಿದರು. ಪಾವೊಕ್ ಮಾಲೀಕ ಇವಾನ್ ಸಾವಿಡಿಸ್ ಮೈದಾನಕ್ಕೆ ಇಳಿದ. ಸೊಂಟದಲ್ಲಿ ಪಿಸ್ತೂಲು ಎಲ್ಲರಿಗೂ ಕಾಣುತ್ತಿತ್ತು. ಅದನ್ನು ಹೊರಗೆ ತೆಗೆಯಲಿಲ್ಲ, ಯಾರಿಗೂ ಗಾಯ ಆಗಲಿಲ್ಲ. ಆದರೆ ಸರ್ಕಾರವೇ ಲೀಗ್ ನಿಲ್ಲಿಸಿತು. ಅವನಿಗೆ ಮೂರು ವರ್ಷ ಕ್ರೀಡಾಂಗಣಕ್ಕೆ ಬರಬೇಡ ಅಂದರು. ನೀವು ಎರಡು ಜಗಳ ಅಂತ ಬರೆದಿರಿ. ನಮ್ಮಂಥವರಿಗೆ ಅವೆರಡೂ ಬೇರೆ ಬೇರೆ ಅಲ್ಲ ಸರ್.

ತೋರಣಗಲ್ಲು ನೈಟ್ ಶಿಫ್ಟ್

ಮೇಷ್ಟ್ರೇ, ಟರ್ಕಿಯದ್ದೂ ಸೇರಿಸಿ. 2023ರ ಡಿಸೆಂಬರ್ 11ರಂದು ಅಂಕಾರಗುಜು ಕ್ಲಬ್ ಅಧ್ಯಕ್ಷ ಫಾರೂಕ್ ಕೋಜಾ ಪಂದ್ಯ ಮುಗಿದ ಕೂಡಲೇ ಒಳಗೆ ಬಂದು ರೆಫರಿ ಹಲಿಲ್ ಉಮುತ್ ಮೆಲೆರ್ ಮುಖಕ್ಕೆ ಗುದ್ದಿದ. ನೆಲಕ್ಕೆ ಬಿದ್ದವರನ್ನು ಒದ್ದರು ಕೂಡ. ಅಲ್ಲೂ ಲೀಗ್ ನಿಂತಿತು.

ಆದರೆ ವಿಂಗರ್ ಅಣ್ಣನ ಮಾತಿಗೆ ಒಂದು ತಕರಾರು ಇದೆ. ನಿಯಮ ತಂದ ಮಾತ್ರಕ್ಕೆ ತಪ್ಪು ನಿಲ್ಲುತ್ತಾ? 2018ರ ವಿಶ್ವಕಪ್‌ಗೆ ವಿಎಆರ್ ಬಂತು, 2019ರಿಂದ ಪ್ರೀಮಿಯರ್ ಲೀಗ್‌ಗೂ ಬಂತು. 2023ರ ಸೆಪ್ಟೆಂಬರ್ 30ರಂದು ಟಾಟೆನ್‌ಹ್ಯಾಮ್ ಎದುರು ಲಿವರ್‌ಪೂಲ್‌ನ ಲೂಯಿಸ್ ಡಿಯಾಜ್ ಗೋಲು ಹಾಕಿದ. ಲೈನ್ಸ್‌ಮನ್ ಆಫ್‌ಸೈಡ್ ಬಾವುಟ ಎತ್ತಿದ. ಪರದೆಯಲ್ಲಿ ನೋಡಿದರೆ ಆಫ್‌ಸೈಡ್ ಇಲ್ಲವೇ ಇಲ್ಲ. ಆದರೆ ವಿಎಆರ್ ಕೋಣೆಯಲ್ಲಿದ್ದವರು ಮೈದಾನದಲ್ಲಿ ಗೋಲು ಕೊಟ್ಟಾಗಿದೆ ಅಂದುಕೊಂಡು ‘ಪರಿಶೀಲನೆ ಮುಗಿಯಿತು’ ಅಂದುಬಿಟ್ಟರು. ಆಟ ಮತ್ತೆ ಶುರುವಾಯಿತು. ಶುರುವಾದ ಮೇಲೆ ಹಿಂದಕ್ಕೆ ಹೋಗುವ ಹಾಗಿಲ್ಲ. ಯಂತ್ರ ಸರಿಯಾಗೇ ತೋರಿಸಿತ್ತು, ಇಬ್ಬರ ನಡುವಿನ ಮಾತು ತಪ್ಪಿತು.

ಬಂದೂಕಿಗೂ ಇದೇ ಅನ್ವಯಿಸುತ್ತದೆ. ನಮ್ಮ ದೇಶದಲ್ಲಿ ಕಾನೂನು ಬಿಗಿಯಾಗೇ ಇದೆ, ಆದರೂ ನಾಡ ಪಿಸ್ತೂಲು ಸಿಕ್ಕಿಬಿದ್ದ ಸುದ್ದಿ ಪೇಪರಿನಲ್ಲಿ ಬರುತ್ತಲೇ ಇರುತ್ತದೆ ಅಲ್ವಾ?

ಸಂಡೂರು ಜೋಳದ ಹೊಲ

ಪಟ್ಟಣದಲ್ಲಿ ಕೂತು ಬಂದೂಕು ಅಂದರೆ ಬರೀ ಶಾಲೆಯ ಗುಂಡಿನ ದಾಳಿ ಅಂದುಕೊಳ್ಳಬೇಡಿ. ನಮ್ಮ ಮನೆಯಲ್ಲಿ ಅಜ್ಜನ ಕಾಲದ ಜೋಡಿ ನಳಿಗೆ ಇದೆ, ಬೆಳೆ ರಕ್ಷಣೆಗೆ ಅಂತ ಲೈಸೆನ್ಸ್. ನಮ್ಮ ಕಡೆ ಗುಡ್ಡದಂಚಿನ ಹೊಲ. ಶೇಂಗಾ ಹಾಕಿದರೆ ಹಂದಿ, ದರೋಜಿ ಕಡೆ ಹೋದರೆ ಕರಡಿ. ರಾತ್ರಿ ಕಾವಲಿಗೆ ಹೋಗುವವನಿಗೆ ಭಯ ಇರುತ್ತದೆ. ಒಂದು ಸದ್ದು ಮಾಡಿದರೆ ಸಾಕು, ಹಿಂಡು ಓಡುತ್ತದೆ.

2024ರಲ್ಲಿ ಲೋಕಸಭೆ ಚುನಾವಣೆಗೆ ಬಂದೂಕು ಠಾಣೆಗೆ ಕೊಟ್ಟೆವು. ವಾಪಸ್ ತಂದು ಇಟ್ಟುಕೊಂಡೆವು ಅನ್ನುವಷ್ಟರಲ್ಲಿ ನವೆಂಬರ್‌ನಲ್ಲಿ ಸಂಡೂರು ಉಪಚುನಾವಣೆ. ಮತ್ತೆ ಕೊಡಿ ಅಂದರು. ಎರಡನೇ ಸಲ ಹೊಲದಲ್ಲಿ ಬೆಳೆ ನಿಂತಿತ್ತು. ರಿನ್ಯೂವಲ್‌ಗೆ ಅಂತ ಒಂದು ಕಚೇರಿಗೆ ಓಡಾಡಿ ಚಪ್ಪಲಿ ಸವೆದವು. ಕಾನೂನು ಪಾಲಿಸುವವನಿಗೆ ಇಷ್ಟು ಕಾಟ, ಕದ್ದು ಇಟ್ಟುಕೊಂಡವನಿಗೆ ಏನೂ ಇಲ್ಲ. ಇನ್ನಷ್ಟು ಬಿಗಿ ಮಾಡಿ ಅನ್ನುವ ಮೊದಲು ನಮ್ಮನ್ನೂ ಕೇಳಿ.

ಸಿರುಗುಪ್ಪ ವಕೀಲ

ಜೋಳದ ಹೊಲದ ಅಣ್ಣನ ಕಷ್ಟ ನಿಜ. ಕಾನೂನು ಏನು ಹೇಳುತ್ತದೆ ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಮಾತು ಗಟ್ಟಿಯಾಗುತ್ತದೆ.

ನಮ್ಮಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆ, ಅದರ ಕೆಳಗೆ 2016ರ ನಿಯಮಗಳು. ಬಂದೂಕು ಇಟ್ಟುಕೊಳ್ಳುವುದು ಇಲ್ಲಿ ಮೂಲಭೂತ ಹಕ್ಕಲ್ಲ. 21 ವರ್ಷ ತುಂಬಿರಬೇಕು, ಪೊಲೀಸ್ ವರದಿ ಬರಬೇಕು, ನಮ್ಮ ಜಿಲ್ಲೆಯಲ್ಲಾದರೆ ಡಿಸಿ ಲೈಸೆನ್ಸ್ ಕೊಡಬೇಕು. 2019ರ ತಿದ್ದುಪಡಿಯಲ್ಲಿ ಒಬ್ಬರು ಇಟ್ಟುಕೊಳ್ಳಬಹುದಾದ ಬಂದೂಕು ಮೂರರಿಂದ ಎರಡಕ್ಕೆ ಇಳಿಯಿತು. ಲೈಸೆನ್ಸ್ ಅವಧಿ ಮೂರರಿಂದ ಐದು ವರ್ಷಕ್ಕೆ ಏರಿತು. ಅಂದರೆ ಓಡಾಟ ಸ್ವಲ್ಪ ಕಡಿಮೆ ಆಗಿದೆ ಅಣ್ಣ. ಮದುವೆ, ಮೆರವಣಿಗೆ, ಗೆಲುವಿನ ಸಂಭ್ರಮ ಅಂತ ಬೇಕಾಬಿಟ್ಟಿ ಗುಂಡು ಹಾರಿಸಿ ಜನರ ಜೀವಕ್ಕೆ ಅಪಾಯ ತಂದರೆ ಎರಡು ವರ್ಷದವರೆಗೆ ಜೈಲು, ಇಲ್ಲವೇ ಒಂದು ಲಕ್ಷದವರೆಗೆ ದಂಡ, ಎರಡೂ ಆಗಬಹುದು. ಇನ್ನೊಂದು ಮುಖ್ಯ. ಬೆಳೆ ರಕ್ಷಣೆಯ ಲೈಸೆನ್ಸ್ ಅಂದರೆ ಹಂದಿ ಹೊಡೆಯುವ ಪರವಾನಗಿ ಅಲ್ಲ. ಅದಕ್ಕೆ 1972ರ ವನ್ಯಜೀವಿ ಕಾಯ್ದೆ ಬೇರೆ ಇದೆ, ಅರಣ್ಯ ಇಲಾಖೆ ಅನುಮತಿ ಬೇಕು. ಹಂದಿ ಓಡಿಸಲು ಹೋಗಿ ಕೇಸು ಹಾಕಿಸಿಕೊಂಡವರಿದ್ದಾರೆ.

ಎಲ್ಲರಿಗೂ ಒಂದೇ ಅಳತೆ ಅಂತಲೂ ಇಲ್ಲ. ಕೊಡಗಿನಲ್ಲಿ ಕೊಡವರಿಗೂ ಜಮ್ಮಾ (ವಂಶಪಾರಂಪರ್ಯವಾಗಿ ಬಂದ ಜಮೀನು) ಹಿಡುವಳಿದಾರರಿಗೂ ಲೈಸೆನ್ಸ್‌ನಿಂದ ವಿನಾಯಿತಿ ಇದೆ. 2029ರವರೆಗೆ ಮುಂದುವರಿಸಿದ್ದಾರೆ, ಹೈಕೋರ್ಟ್ ಕೂಡ 2021ರಲ್ಲಿ ಎತ್ತಿಹಿಡಿಯಿತು. ಹೊಲ, ಕಾಡು, ಪದ್ಧತಿ ನೋಡಿ ಕಾನೂನು ಬಾಗಬಲ್ಲದು.

ನೈಟ್ ಶಿಫ್ಟ್ ತಮ್ಮ ಕೇಳಿದ್ದಕ್ಕೆ: ಜಗತ್ತಿನ ಬಂದೂಕುಗಳ ಲೆಕ್ಕ ಇಡುವ ಸ್ಮಾಲ್ ಆರ್ಮ್ಸ್ ಸರ್ವೆ ಸಂಸ್ಥೆಯ 2018ರ ಅಂದಾಜಿನ ಪ್ರಕಾರ ಭಾರತದಲ್ಲಿ ಜನರ ಕೈಯಲ್ಲಿ ಸುಮಾರು 7.1 ಕೋಟಿ ಬಂದೂಕು. ಅದರಲ್ಲಿ ಲೈಸೆನ್ಸ್ ಇರುವುದು 97 ಲಕ್ಷ. ಉಳಿದದ್ದು ಲೆಕ್ಕಕ್ಕೇ ಇಲ್ಲ. ಬಿಗಿ ಮಾಡಬೇಕಾದ್ದು ಆ ಕಡೆ.

ಕೌಲ್ ಬಜಾರ್ ವಿಂಗರ್

ವಕೀಲ್ ಸಾಹೇಬರೇ, ಒಳ್ಳೆಯ ಮಾಹಿತಿ. ಜೋಳದ ಹೊಲದ ಅಣ್ಣನ ಬಂದೂಕು ಕಸಿದುಕೊಳ್ಳಿ ಅಂತ ನಾನು ಎಲ್ಲೂ ಹೇಳಿಲ್ಲ. ಆದರೆ ಲೈಸೆನ್ಸ್ ಇದ್ದರೆ ಸಾಕು ಅನ್ನುವುದನ್ನು ಒಪ್ಪಲಾರೆ. 1996ರ ಮಾರ್ಚ್ 13, ಸ್ಕಾಟ್ಲೆಂಡಿನ ಡನ್‌ಬ್ಲೇನ್. ಒಬ್ಬ ಶಾಲೆಗೆ ನುಗ್ಗಿ 16 ಮಕ್ಕಳನ್ನೂ ಒಬ್ಬ ಟೀಚರನ್ನೂ ಕೊಂದ. ಅವನ ಬಂದೂಕುಗಳು ಕಾನೂನು ಪ್ರಕಾರವೇ ಇದ್ದವು. ಮಕ್ಕಳ ಅಪ್ಪ ಅಮ್ಮಂದಿರು ಬೀದಿಗಿಳಿದು ಸಹಿ ಸಂಗ್ರಹಿಸಿದರು. 1997ರಲ್ಲಿ ಬ್ರಿಟನ್ ಖಾಸಗಿಯವರ ಕೈಯಲ್ಲಿ ಪಿಸ್ತೂಲು ಇರುವುದನ್ನೇ ನಿಷೇಧಿಸಿತು. ರೈತರ ಉದ್ದ ನಳಿಗೆಯ ಬಂದೂಕು ಅಲ್ಲಿ ಇವತ್ತಿಗೂ ಲೈಸೆನ್ಸ್ ಮೇಲೆ ಇದೆ.

ಅದೇ ವರ್ಷ ಏಪ್ರಿಲ್ 28, ಆಸ್ಟ್ರೇಲಿಯಾದ ಪೋರ್ಟ್ ಆರ್ಥರ್. 35 ಜನ ಸತ್ತರು. ಪ್ರಧಾನಿ ಜಾನ್ ಹೊವಾರ್ಡ್ ಅಧಿಕಾರಕ್ಕೆ ಬಂದು ಎರಡು ತಿಂಗಳೂ ಆಗಿರಲಿಲ್ಲ. ಅವರದು ಬಲಪಂಥದ ಪಕ್ಷ, ಹಳ್ಳಿ ಮತದಾರರು ಸಿಟ್ಟಾಗುತ್ತಾರೆ ಅಂತ ಗೊತ್ತಿತ್ತು. ಎರಡು ವಾರದೊಳಗೆ ಎಲ್ಲ ರಾಜ್ಯಗಳನ್ನೂ ಒಪ್ಪಿಸಿ ಒಪ್ಪಂದ ಮಾಡಿದರು. ಸರ್ಕಾರ ದುಡ್ಡು ಕೊಟ್ಟು ಸುಮಾರು 6.5 ಲಕ್ಷ ಬಂದೂಕು ವಾಪಸ್ ಪಡೆದು ನಾಶ ಮಾಡಿತು. ನ್ಯೂಜಿಲೆಂಡ್ 2019ರಲ್ಲಿ ಕ್ರೈಸ್ಟ್‌ಚರ್ಚ್ ಮಸೀದಿಗಳಲ್ಲಿ 51 ಜನ ಸತ್ತ ಮುಂದಿನ ತಿಂಗಳೇ ಕಾನೂನು ತಂದಿತು. ಆಗುತ್ತದೆ ಅಂತ ಇವರೆಲ್ಲ ಮಾಡಿ ತೋರಿಸಿದ್ದಾರೆ.

ಡಲ್ಲಾಸ್‌ನಲ್ಲಿರುವ ಗಾಂಧಿನಗರದವಳು

ಊರಿನವರು ಇಷ್ಟು ಕಾಳಜಿಯಿಂದ ಬರೆಯುತ್ತಿರುವುದು ಓದಿ ಸಮಾಧಾನ ಆಯಿತು. ಇಲ್ಲಿ ಬದುಕುತ್ತಿರುವವಳಾಗಿ ಎರಡು ಮಾತು.

‘ಅಮೆರಿಕದವರಿಗೆ ಬುದ್ಧಿ ಇಲ್ಲ’ ಅನ್ನುವುದು ಸುಲಭ. ಇಲ್ಲಿನ ಕಟ್ಟು ಬೇರೆ. 1791ರ ಸಂವಿಧಾನ ತಿದ್ದುಪಡಿ ಆಯುಧದ ಹಕ್ಕು ಕೊಟ್ಟಿದೆ. ಅದು ಒಬ್ಬೊಬ್ಬರ ಹಕ್ಕು ಅಂತ 2008ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. 2022ರಲ್ಲಿ ಮನೆಯಿಂದ ಹೊರಗೂ ಒಯ್ಯುವ ಹಕ್ಕಿದೆ ಅಂದಿತು. ನಮ್ಮ ಟೆಕ್ಸಾಸ್‌ನಲ್ಲಿ 2021ರ ಸೆಪ್ಟೆಂಬರ್‌ನಿಂದ ಹೆಚ್ಚಿನ ವಯಸ್ಕರು ಪರ್ಮಿಟ್ ಇಲ್ಲದೆಯೇ ಕೈಬಂದೂಕು ಇಟ್ಟುಕೊಂಡು ಓಡಾಡಬಹುದು. ನೂರು ಜನಕ್ಕೆ ನೂರಿಪ್ಪತ್ತು ಬಂದೂಕು ಇರುವ ದೇಶ ಇದು. ಸಂವಿಧಾನ ಬದಲಿಸಲು ಇಲ್ಲಿನ ಸಂಸತ್ತಾದ ಕಾಂಗ್ರೆಸ್ಸಿನ ಎರಡೂ ಸದನಗಳಲ್ಲಿ ಮೂರನೇ ಎರಡು ಮತ, ಆಮೇಲೆ ನಾಲ್ಕನೇ ಮೂರು ರಾಜ್ಯಗಳ ಒಪ್ಪಿಗೆ ಬೇಕು. ಬ್ರಿಟನ್ ಸಂಸತ್ತಿನ ಹಾಗೆ ಒಂದು ಮಸೂದೆ ತಂದು ಮುಗಿಸಲು ಆಗುವುದಿಲ್ಲ.

ಆದರೂ ಏನೂ ಆಗಿಲ್ಲ ಅನ್ನುವುದು ತಪ್ಪು. 2022ರ ಮೇ 24ರಂದು ಇದೇ ರಾಜ್ಯದ ಯುವಾಲ್ಡೆಯಲ್ಲಿ 19 ಮಕ್ಕಳು, ಇಬ್ಬರು ಟೀಚರ್‌ಗಳು ಸತ್ತರು. ಮುಂದಿನ ತಿಂಗಳೇ ಎರಡೂ ಪಕ್ಷದವರು ಸೇರಿ ಒಂದು ಕಾನೂನು ಮಾಡಿದರು. 21 ತುಂಬದವರು ಕೊಳ್ಳುವಾಗ ಹಿನ್ನೆಲೆ ತಪಾಸಣೆ ಹೆಚ್ಚಾಯಿತು. ಅದು ಸಣ್ಣದು, ಆದರೆ ಸುಮಾರು ಮೂವತ್ತು ವರ್ಷಗಳಲ್ಲಿ ಅಷ್ಟಾದರೂ ಆದದ್ದು ಅದೇ ಮೊದಲು. 1994ರಲ್ಲಿ ತಂದಿದ್ದ ಸೇನಾ ಮಾದರಿ ಬಂದೂಕುಗಳ ನಿಷೇಧ 2004ರಲ್ಲಿ ಅವಧಿ ಮುಗಿದು ಹೋಗಿತ್ತು.

ಒಂದು ವಿಷಯ ನೀವ್ಯಾರೂ ಬರೆದಿಲ್ಲ. 2021ರಲ್ಲಿ ಇಲ್ಲಿ ಬಂದೂಕಿನಿಂದ ಸತ್ತವರು 48,830. ಅದರಲ್ಲಿ 26,328 ಆತ್ಮಹತ್ಯೆ. ಅರ್ಧಕ್ಕಿಂತ ಜಾಸ್ತಿ! ಟಿವಿಯಲ್ಲಿ ಬರುವುದು ಶಾಲೆ, ಮಾಲ್. ಮನೆಯೊಳಗೆ ಒಂಟಿಯಾಗಿ ಸಾಯುವವರ ಸುದ್ದಿ ಬರುವುದೇ ಇಲ್ಲ. ನಾನು ಪರಿಚಯದವರಿಗೆಲ್ಲ ಹೇಳುವುದು ಇಷ್ಟೇ: ಇಟ್ಟುಕೊಂಡಿದ್ದರೆ ಬೀಗ ಹಾಕಿ, ಗುಂಡು ಬೇರೆ ಕಡೆ ಇಡಿ. ನನ್ನ ಮಗಳ ಶಾಲೆಯಲ್ಲಿ ದೀಪ ಆರಿಸಿ, ಬಾಗಿಲು ಹಾಕಿ, ಸದ್ದಿಲ್ಲದೆ ಮೂಲೆಯಲ್ಲಿ ಕೂರುವ ಅಭ್ಯಾಸ ಮಾಡಿಸುತ್ತಾರೆ. ಬೇರೆ ಮಗುವಿನ ಮನೆಗೆ ಆಡಲು ಕಳಿಸುವ ಮೊದಲು ‘ನಿಮ್ಮಲ್ಲಿ ಬಂದೂಕು ಇದೆಯಾ, ಬೀಗದಲ್ಲಿದೆಯಾ’ ಅಂತ ಕೇಳುತ್ತೇನೆ. ಮೊದಮೊದಲು ಸಂಕೋಚ ಆಗುತ್ತಿತ್ತು, ಈಗ ಇಲ್ಲ.

ಸಂಡೂರು ಜೋಳದ ಹೊಲ

ಅಕ್ಕ, ಆತ್ಮಹತ್ಯೆ ಲೆಕ್ಕ ಓದಿ ಎದೆ ಝಲ್ ಅಂದಿತು. ನಮ್ಮ ಹಳ್ಳಿಗಳಲ್ಲಿ ಅದು ಕ್ರಿಮಿನಾಶಕದ ಬಾಟಲಿಯಲ್ಲಿ ಆಗುತ್ತದೆ. ಕೈಗೆ ಏನು ಸುಲಭವಾಗಿ ಸಿಗುತ್ತದೋ ಅದು. ನಮ್ಮ ಬಂದೂಕು ಬೀರುವಿನಲ್ಲಿ ಬೀಗದೊಳಗಿದೆ, ತೋಟಾ ಬೇರೆ ಪೆಟ್ಟಿಗೆಯಲ್ಲಿ. ಔಷಧಿ ಬಾಟಲಿಗೂ ಇದೇ ವ್ಯವಸ್ಥೆ ಮಾಡುತ್ತೇನೆ.

ಹಳದಿ ಜೆರ್ಸಿ

ಇಷ್ಟು ಓದಿದ ಮೇಲೆ ಕೊಲಂಬಿಯಾದ ಆಟಗಾರ ಆಂಡ್ರೆಸ್ ಎಸ್ಕೊಬಾರ್ ನೆನಪಾದ. 1994ರ ವಿಶ್ವಕಪ್, ಜೂನ್ 22, ಅಮೆರಿಕ ಎದುರು ಕೊಲಂಬಿಯಾ. ತಡೆಯಲು ಕಾಲು ಚಾಚಿದ, ಚೆಂಡು ತನ್ನದೇ ಗೋಲಿಗೆ ಹೋಯಿತು. ಜುಲೈ 2ರಂದು ಮೆಡೆಲಿನ್‌ನಲ್ಲಿ ಅವನನ್ನು ಗುಂಡಿಟ್ಟು ಕೊಂದರು. ವಯಸ್ಸು 27. ಕೊಂದವನಿಗೆ 43 ವರ್ಷ ಶಿಕ್ಷೆ ಆಯಿತು, ಸುಮಾರು 11 ವರ್ಷಕ್ಕೆ ಹೊರಬಂದ. ಚೆಟ್ರಿ ಫ್ರೀಕಿಕ್ ಬಗ್ಗೆ ನನ್ನ ಅಭಿಪ್ರಾಯ ಬದಲಾಗಲ್ಲ. ಆದರೆ ಕ್ರಿಸ್ಟಲ್ ಜಾನ್ ಅವರನ್ನು ಬಾಯಿಗೆ ಬಂದಂತೆ ಬೈದ ಪೋಸ್ಟ್‌ಗಳಿಗೆ ಇನ್ಮುಂದೆ ಲೈಕ್ ಒತ್ತುವುದಿಲ್ಲ.

ತೋರಣಗಲ್ಲು ನೈಟ್ ಶಿಫ್ಟ್

ಇಲ್ಲಿ ತೋರಣಗಲ್ಲಿನ ಜಿಂದಾಲ್ ಉಕ್ಕಿನ ಕಾರ್ಖಾನೆಯ ವಿಜಯನಗರ ಕ್ಯಾಂಪಸ್ಸಿನಲ್ಲೇ ಬೆಂಗಳೂರು ಎಫ್‌ಸಿಯ ಹುಡುಗರ ಅಕಾಡೆಮಿ ಇದೆ. ಪಂದ್ಯ ನಡೆದಾಗ ಗಮನಿಸಿದ್ದೇನೆ, ಸೀಟಿ ಊದಿದ ಕೂಡಲೇ ಹುಡುಗರು ಚೆಂಡು ಕೆಳಗಿಟ್ಟು ಹಿಂದೆ ಸರಿಯುತ್ತಾರೆ. ಅದನ್ನು ಕಲಿಸಿದ್ದಾರೆ. ನಮ್ಮ ಓಣಿ ಟೂರ್ನಿಗಳಲ್ಲಿ ಹತ್ತು ಜನ ರೆಫರಿಯನ್ನು ಸುತ್ತುವರಿಯುತ್ತಾರೆ, ಗೆರೆಯಾಚೆಯಿಂದ ದೊಡ್ಡವರೂ ನುಗ್ಗುತ್ತಾರೆ.

ಸೀಟಿ ಮೇಷ್ಟ್ರು

ಅದಕ್ಕೆ ಮದ್ದು ಇದೆ. 2024ರ ಯೂರೊ ಕಪ್‌ನಲ್ಲಿ ರೆಫರಿ ಹತ್ತಿರ ಬಂದು ಮಾತಾಡುವ ಅವಕಾಶ ನಾಯಕನಿಗೆ ಮಾತ್ರ ಕೊಟ್ಟಿದ್ದರು. ಬೇರೆಯವರು ಬಂದರೆ ಹಳದಿ ಕಾರ್ಡ್. ಗೋಲ್‌ಕೀಪರೇ ನಾಯಕನಾಗಿದ್ದರೆ ಮೊದಲೇ ಇನ್ನೊಬ್ಬನ ಹೆಸರು ಕೊಡಬೇಕು. ದೊಡ್ಡ ಪಂದ್ಯದಲ್ಲಿ ಕೆಲಸ ಮಾಡಿತು. ಇದಕ್ಕೆ ಕ್ಯಾಮೆರಾ ಬೇಡ, ದುಡ್ಡು ಬೇಡ. ವಿಂಗರ್ ಸರ್, ನಿಮ್ಮ ಓಣಿಯವರು ಈ ಸಲ ಟೂರ್ನಿ ನಡೆಸುತ್ತಿದ್ದೀರಲ್ಲ, ಈ ನಿಯಮ ಹಾಕಿದರೆ ನಾನು ದುಡ್ಡು ತಗೊಳ್ಳದೆ ಎಲ್ಲ ಪಂದ್ಯಕ್ಕೂ ಬರುತ್ತೇನೆ. ಇಬ್ಬರು ಲೈನ್ಸ್‌ಮನ್ ಕೊಡಿ, ಪಂದ್ಯದ ಬೆಳಿಗ್ಗೆ ಗೆರೆಗೆ ಹೊಸ ಸುಣ್ಣ ಹಾಕಿಸಿ.

ಸಿರುಗುಪ್ಪ ವಕೀಲ

ನಿಯಮದ ಹಾಳೆಯಲ್ಲಿ ಇನ್ನೊಂದು ಸಾಲು ಸೇರಿಸಿ: ಫೈನಲ್ ಮೆರವಣಿಗೆಗೆ ಯಾರೂ ಬಂದೂಕು ತರುವಂತಿಲ್ಲ, ಲೈಸೆನ್ಸ್ ಇದ್ದರೂ. ಕೇಳಿದವರಿಗೆ 2019ರ ತಿದ್ದುಪಡಿ ತೋರಿಸಿ. ಹಾಳೆಯ ಒಂದು ಪ್ರತಿ ಮೊದಲೇ ಠಾಣೆಗೂ ಕೊಡಿ, ಬಂದೋಬಸ್ತ್ ಕೇಳಲು ಸುಲಭ ಆಗುತ್ತದೆ.

ಕೌಲ್ ಬಜಾರ್ ವಿಂಗರ್

ಎರಡೂ ಹಾಕುತ್ತೇವೆ. ಮೇಷ್ಟ್ರೇ, ನಾಯಕರ ಸಭೆಗೆ ನೀವೇ ಬಂದು ಈ ನಿಯಮ ಹೇಳಬೇಕು, ನಾವು ಹೇಳಿದರೆ ಹುಡುಗರು ಕೇಳಲ್ಲ. ಲೈನ್ಸ್‌ಮನ್ ಆಗಿ ಹಳದಿ ಜೆರ್ಸಿ ತಮ್ಮ ಬರುತ್ತಾನಾ?

ಹಳದಿ ಜೆರ್ಸಿ

ಬರುತ್ತೇನೆ ಅಣ್ಣ. ಬಾವುಟ ಹಿಡಿಯಲು ಮೇಷ್ಟ್ರು ಮೊದಲು ಒಂದು ಸಂಜೆ ಕಲಿಸಬೇಕು.